ಏಳನೇ ನಂಬರ್ ಕಾಟ್ ನಮ್ಮ ಮನೆಯಲ್ಲಿದ್ದ ನಾಲ್ಕು ತಿಂಗಳು

ಹೋದ ದೀಪಾವಳಿ ಮುಗಿದ ಐದನೇ ದಿನ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಟೊಂಕದ ಎಲುಬು ಮುರಿಯಿತು. ಆಪರೇಷನ್ ಆಯ್ತು, ರಾಡ್ ಹಾಕಿದರು. ಹನ್ನೊಂದನೇ ದಿನ ಮನೆಗೆ ಕಳಿಸುವಾಗ ಡಾಕ್ಟರ್ ಒಂದು ಚೀಟಿ ಬರೆದು ಕೈಗೆ ಕೊಟ್ಟರು. ಹಾಸ್ಪಿಟಲ್ ಕಾಟ್, ಏರ್ ಬೆಡ್, ಕಮೋಡ್ ಕುರ್ಚಿ, ವಾಕರ್. "ಇಷ್ಟು ರೆಡಿ ಮಾಡ್ಕೊಂಡು ಕರ್ಕೊಂಡು ಹೋಗ್ರಿ" ಎಂದರು. ಚೀಟಿ ಕೈಗೆ ಬಂದಾಗ ಬೆಳಗಿನ ಹನ್ನೊಂದೂವರೆ. ಸಂಜೆ ನಾಲ್ಕಕ್ಕೆ ಡಿಸ್ಚಾರ್ಜ್.

ನಾನು ಬೆಳಗಾವಿಯ ಅನಗೋಳದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಮನೆಯವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಆಪರೇಷನ್‌ಗೆ ಕೈಯಲ್ಲಿದ್ದದ್ದೆಲ್ಲಾ ಹೋಗಿತ್ತು. ದವಾಖಾನೆ ಎದುರಿನ ಸರ್ಜಿಕಲ್ ಅಂಗಡಿಯಲ್ಲಿ ಕೇಳಿದರೆ ಕಾಟ್‌ಗೆ ತಿಂಗಳಿಗೆ 2,500 ರೂಪಾಯಿ ಬಾಡಿಗೆ ಎಂದರು. ಏರ್ ಬೆಡ್ ಬಾಡಿಗೆಗೆ ಇಲ್ಲ, ಕೊಂಡೇ ಕೊಳ್ಳಬೇಕು. ನನ್ನ ಮುಖ ನೋಡಿ ಆ ಅಂಗಡಿಯ ಹುಡುಗನೇ ಮೆಲ್ಲಗೆ ಹೇಳಿದ: "ಅಕ್ಕಾರ, ಲಯನ್ಸ್‌ನವರ ಸಾಮಾನು ಖೋಲಿಗೆ ಒಮ್ಮೆ ಫೋನ್ ಹಚ್ಚಿ ನೋಡ್ರಿ. ಇದ್ರ ಕೊಡ್ತಾರ." ತನ್ನ ವ್ಯಾಪಾರ ಬಿಟ್ಟು ನಂಬರ್ ಬರೆದುಕೊಟ್ಟ ಆ ಹುಡುಗನಿಗೆ ಮೊದಲ ನಮಸ್ಕಾರ.

ಲಯನ್ಸ್ ಕ್ಲಬ್ ಎಂಬ ಸೇವಾ ಸಂಸ್ಥೆಯವರು ಪೇಷಂಟ್‌ಗೆ ಬೇಕಾದ ಸಾಮಾನು ಇಟ್ಟು, ಬೇಕಾದವರಿಗೆ ಕೊಟ್ಟು ವಾಪಸ್ ಪಡೆಯುವ ಈ ಸಾಮಾನು ಖೋಲಿಯ (ಕೋಣೆಯ) ಬಗ್ಗೆಯೇ ನಾನು ಬರೆಯುತ್ತಿರುವುದು. ಟಿಳಕವಾಡಿಯಲ್ಲಿ, ರೈಲ್ವೆ ಗೇಟ್ ದಾಟಿದ ಮೇಲೆ ಒಂದು ಹಳೇ ಮನೆಯ ಹಿತ್ತಲಲ್ಲಿದೆ. ನಮ್ಮ ಬೆಳಗಾವಿಯಲ್ಲಿ ಲಯನ್ಸ್ ಕ್ಲಬ್ ಒಂದೇ ಅಲ್ಲ, ಹಲವು ಇವೆ. ಇದು ಯಾವ ಕ್ಲಬ್‌ನದು ಅಂತ ನಾನು ಬರೆಯುವುದಿಲ್ಲ. ಬರೆಯಬೇಡಿ ಅಂತ ಅವರೇ ಕೇಳಿಕೊಂಡರು. "ನಮ್ಮ ಹೆಸರು ತಗೊಂಡು ಪೇಷಂಟ್ ಏನ್ ಮಾಡ್ತಾರವ್ವಾ, ಅವರಿಗೆ ಕಾಟ್ ಬೇಕು" ಎಂದರು. ನಿಮಗೆ ಬೇಕಾದರೆ ದೊಡ್ಡ ದವಾಖಾನೆಗಳ ಎದುರಿನ ಯಾವ ಮೆಡಿಕಲ್ ಅಂಗಡಿಯಲ್ಲಾದರೂ "ಸಾಮಾನು ಖೋಲಿ" ಅಂತ ಕೇಳಿ, ತೋರಿಸುತ್ತಾರೆ.

ಖೋಲಿ ತೆಗೆಯುವುದು ಸಂಜೆ 5 ರಿಂದ 7, ಭಾನುವಾರ ಬಿಟ್ಟು. ನಾನು ಫೋನ್ ಮಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಇವತ್ತೇ ಡಿಸ್ಚಾರ್ಜ್ ಎಂದೆ. ಅರ್ಧ ತಾಸಿನಲ್ಲಿ ಒಬ್ಬರು ಸೈಕಲ್ ಮೇಲೆ ಬಂದು ಬೀಗ ತೆಗೆದರು. ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್ ಅಂತೆ. ಎಲ್ಲರೂ ಅವರನ್ನು ಮಾಮಾ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಒಳಗೆ ಹೋದಾಗ ನನಗೆ ಆಶ್ಚರ್ಯ ಆದದ್ದು ಸಾಮಾನು ನೋಡಿ ಅಲ್ಲ, ಅದನ್ನು ಇಟ್ಟಿದ್ದ ರೀತಿ ನೋಡಿ. ಕಾಟ್‌ಗಳು ಹನ್ನೊಂದು, ಪ್ರತಿಯೊಂದರ ಕಾಲಿನ ಕಡೆ ಕೆಂಪು ಬಣ್ಣದಲ್ಲಿ ನಂಬರ್. ವ್ಹೀಲ್‌ಚೇರ್‌ಗಳ ಗಾಲಿಗೆ ಗಾಳಿ ಇತ್ತು. ವಾಕರ್‌ಗಳ ಕಾಲಿಗೆ ರಬ್ಬರ್ ಬುಶ್ ಹೊಸದು. ಒಂದು ಡಬ್ಬಿಯಲ್ಲಿ ಬರೀ ಬುಶ್ಶೇ ಇದ್ದವು. ಗೋಡೆಗೆ ಸ್ಪ್ಯಾನರ್‌ಗಳನ್ನು ಸೈಜ್ ಪ್ರಕಾರ ನೇತು ಹಾಕಿದ್ದರು. ದಾನದ ಸಾಮಾನು ಅಂದರೆ ಧೂಳು ಹಿಡಿದು ಮೂಲೆಯಲ್ಲಿ ಬಿದ್ದಿರುತ್ತದೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅದಕ್ಕೂ ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ಗೋಕಾಕದಲ್ಲಿ ನಮ್ಮ ಅಪ್ಪಾರಿಗೆ ಒಂದು ಸಂಸ್ಥೆಯವರು ವ್ಹೀಲ್‌ಚೇರ್ ಕೊಟ್ಟಿದ್ದರು. ಯಾವ ಸಂಸ್ಥೆ ಅನ್ನುವುದು ಬೇಡ. ವೇದಿಕೆ ಮೇಲೆ ಅಪ್ಪಾರನ್ನು ಎತ್ತಿ ಕೂಡಿಸಿದರು. ಏಳೆಂಟು ಜನ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪಾರು ಬಹಳ ಸ್ವಾಭಿಮಾನದ ಮನುಷ್ಯ, ಮುಖ ಕೆಳಗೆ ಮಾಡಿ ಕೂತಿದ್ದರು. ಮೂರನೇ ತಿಂಗಳಿಗೆ ಮುಂದಿನ ಚಿಕ್ಕ ಗಾಲಿ ಮುರಿಯಿತು. ಯಾರಿಗೆ ಹೇಳಬೇಕು? ಫೋನ್ ಹಚ್ಚಿದರೆ "ಆ ಕಮಿಟಿ ಈಗಿಲ್ಲ, ಹೊಸಾ ಕಮಿಟಿ ಬಂದದ" ಎಂದರು. ಆ ಗಾಲಿಯ ಬೆಲೆ ನೂರಿನ್ನೂರು ರೂಪಾಯಿ ಇದ್ದೀತು. ನಮ್ಮೂರಲ್ಲಿ ಸಿಗಲಿಲ್ಲ. ಖುರ್ಚಿ ಹಿತ್ತಲಲ್ಲಿ ಜಂಗು ಹಿಡಿಯಿತು, ಅಪ್ಪಾರು ಉಳಿದ ದಿನ ಪಡಸಾಲೆಯಲ್ಲೇ ಕಳೆದರು. ಆ ಖುರ್ಚಿ ನೆನಪಾದಾಗೆಲ್ಲಾ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸಾಮಾನು ಖೋಲಿಯ ಪದ್ಧತಿ ಹೀಗಿದೆ. ಡಾಕ್ಟರ್ ಚೀಟಿ ಮತ್ತು ಆಧಾರ್ ಝೆರಾಕ್ಸ್ ತರಬೇಕು. ಬಾಡಿಗೆ ಇಲ್ಲ, ಡಿಪಾಸಿಟ್ ಮಾತ್ರ. ನಾನು ಕಾಟ್‌ಗೆ 3,000, ಏರ್ ಬೆಡ್‌ಗೆ 1,000, ವಾಕರ್ ಮತ್ತು ಕಮೋಡ್ ಕುರ್ಚಿಗೆ ಸೇರಿಸಿ 500 ಕಟ್ಟಿದೆ. ಮೂರು ತಿಂಗಳಿಗೆ ಕೊಡುತ್ತಾರೆ, ಬೇಕಾದರೆ ಚೀಟಿ ತೋರಿಸಿ ಮುಂದುವರಿಸಬಹುದು. ಸಾಗಿಸುವ ಗಾಡಿ ನಮ್ಮದೇ. ನಾವು ಟಾಟಾ ಏಸ್ ಮಾಡಿಕೊಂಡು ಒಯ್ದೆವು. ಯಾವ ಓಣಿ, ಯಾವ ಮಂದಿ, ಎಷ್ಟು ಗಳಿಕೆ, ಇದನ್ನೆಲ್ಲಾ ಕೇಳಲೇ ಇಲ್ಲ. ಫೋಟೋ ತೆಗೆಯಲಿಲ್ಲ. "ಅತ್ತಿಯವರ ಎತ್ತರ ಎಷ್ಟವ್ವಾ?" ಅಂತ ಮಾತ್ರ ಕೇಳಿದರು, ವಾಕರ್ ಸಲುವಾಗಿ.

ಅಲ್ಲೇ ನನ್ನನ್ನು ನಿಲ್ಲಿಸಿ ತೋರಿಸಿದರು. ನೆಟ್ಟಗೆ ನಿಂತು ಕೈ ಸಡಿಲ ಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿಗೆ ವಾಕರ್ ಹಿಡಿಕೆ ಇರಬೇಕು. ಎತ್ತರ ಜಾಸ್ತಿಯಾದರೆ ಭುಜ ನೋಯುತ್ತದೆ, ಕಡಿಮೆಯಾದರೆ ಬೆನ್ನು ಬಾಗಿ ಮುಗ್ಗರಿಸುತ್ತಾರೆ. ಬುಶ್ ಸವೆದಿದ್ದರೆ ಒದ್ದೆ ನೆಲದಲ್ಲಿ ವಾಕರ್ ಸಮೇತ ಜಾರುತ್ತಾರೆ. ಇದನ್ನು ದವಾಖಾನೆಯಲ್ಲಿ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಏರ್ ಬೆಡ್ ಆ ದಿನ ಸಿಗಲಿಲ್ಲ. ಅವರ ಹತ್ತಿರ ಇದ್ದದ್ದೇ ಎರಡು, ಎರಡೂ ಬೇರೆ ಮನೆಗಳಲ್ಲಿದ್ದವು. ಎಂಟು ದಿನ ಕಾಯಬೇಕಾಯಿತು. ಅಲ್ಲಿಯವರೆಗೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ, ಮೊಣಕಾಲ ನಡುವೆ ದಿಂಬು ಇಡಿ ಎಂದು ಹೇಳಿಕೊಟ್ಟರು. ನಾನು ಮತ್ತು ಮಗಳು ಮೊಬೈಲ್ ಅಲಾರಂ ಇಟ್ಟುಕೊಂಡು ರಾತ್ರಿ ಪಾಳಿ ಮಾಡಿದೆವು. ಬೆಡ್ ಬಂದ ಮೇಲೂ ಮಗ್ಗಲು ಬದಲಿಸುವುದು ತಪ್ಪುವುದಿಲ್ಲ, ಇದನ್ನು ನೆನಪಿಡಿ. ಆ ಬೆಡ್‌ನಲ್ಲಿ ಸಾಲು ಸಾಲು ಗಾಳಿ ಕೊಳವೆ ಇರುತ್ತವೆ. ಪಂಪ್ ಒಂದು ಬಿಟ್ಟು ಒಂದಕ್ಕೆ ಗಾಳಿ ತುಂಬುತ್ತದೆ, ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟು ಇನ್ನೊಂದು ಸಾಲಿಗೆ ತುಂಬುತ್ತದೆ. ಹೀಗಾಗಿ ಮೈಯ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಅತ್ತೆ ಮೊದಲ ರಾತ್ರಿ "ಕೆಳಗ ಯಾರೋ ಉಸಿರಾಡಿದಂಗ ಆಗತೈತಿ" ಅಂತ ಹೆದರಿದರು. ಎರಡನೇ ದಿನದಿಂದ ಆ ಸಪ್ಪಳ ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾಟ್ ಬಂದ ಒಂಬತ್ತನೇ ರಾತ್ರಿ, ಒಂಬತ್ತೂವರೆ ಆಗಿತ್ತು. ಅತ್ತೆಗೆ ಗಂಜಿ ಕುಡಿಸಲು ಬೆನ್ನಿನ ಭಾಗ ಎತ್ತಬೇಕೆಂದು ಹಿಡಿಕೆ ತಿರುಗಿಸಿದೆ. ಟಕ್ ಅಂತ ಸಪ್ಪಳ ಬಂತು. ಹಿಡಿಕೆ ಸುಮ್ನೆ ತಿರುಗುತ್ತಿದೆ, ಬೆನ್ನು ಏಳುತ್ತಿಲ್ಲ. ಅಪ್ಪಾರ ಖುರ್ಚಿ ಕಣ್ಣ ಮುಂದೆ ಬಂತು. ನಾನೇ ಮುರಿದೆ ಅನ್ನುತ್ತಾರೇನೋ, ಡಿಪಾಸಿಟ್ ಹೋಯ್ತೇನೋ ಅಂತ ಹೆದರಿಕೆ. ರಶೀದಿ ಮೇಲಿನ ನಂಬರ್‌ಗೆ ಫೋನ್ ಮಾಡಿದೆ. ಮಾಮಾ ಕೇಳಿದ್ದು ಒಂದೇ: "ಅತ್ತಿಯವರಿಗೆ ಏನೂ ಆಗಿಲ್ಲಲ್ಲ? ಇವತ್ತ ದಿಂಬು ಒಟ್ಟಿ ಕೂಡಸ್ರಿ. ಮುಂಜಾನೆ ಕಾಕಾ ಬರ್ತಾರ."

ಮುಂಜಾನೆ ಏಳೂಕಾಲಿಗೆ, ಖೋಲಿಯ ಸಾಮಾನು ರಿಪೇರಿ ಮಾಡುವ ಕಾಕಾ ಬಂದರು. ವಯಸ್ಸು ಎಪ್ಪತ್ತರ ಆಸುಪಾಸು, ಬಿಳಿ ಪೈಜಾಮ, ಹಳೇ ಸ್ಕೂಟರ್, ಕ್ಯಾನ್ವಾಸ್ ಚೀಲದಲ್ಲಿ ಸಾಮಾನು. ಚಪ್ಪಲಿ ಹೊರಗೆ ಬಿಟ್ಟು ಮೊದಲು ಅತ್ತೆ ಹತ್ತಿರ ಹೋಗಿ ಕೈ ಮುಗಿದರು. "ಹ್ಯಾಂಗದಿರಿ ಅಕ್ಕಾ? ನಿಮ್ಮ ಕಾಟಿಗೆ ಆರಾಮಿಲ್ಲಂತ, ನೋಡಾಕ ಬಂದೀನಿ" ಎಂದರು. ಬಿದ್ದ ದಿನದಿಂದ ಅತ್ತೆ ನಕ್ಕದ್ದು ಅದೇ ಮೊದಲು. ಆಮೇಲೆ ಗೋಣಿತಟ್ಟು ಕೇಳಿ ಇಸಿದುಕೊಂಡು ನೆಲಕ್ಕೆ ಹಾಸಿ, ಕಾಟ್ ಕೆಳಗೆ ಅಂಗಾತ ಮಲಗಿದರು. ನಾನು ಬ್ಯಾಟರಿ ಹಿಡಿದೆ.

ಹಿಡಿಕೆಯಿಂದ ಒಂದು ಉದ್ದ ಸ್ಕ್ರೂ ಒಳಗೆ ಹೋಗುತ್ತದೆ. ಹಿಡಿಕೆ ಮತ್ತು ಸ್ಕ್ರೂ ಸೇರುವಲ್ಲಿ ಕಿರುಬೆರಳಿನ ಅರ್ಧದಷ್ಟು ಒಂದು ಪಿನ್. ಅದು ಎರಡು ತುಂಡಾಗಿತ್ತು. ತುಂಡುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದು ಮುರೀಲಾಕ ಮಾಡಿದ್ದಽ ಐತಿ. ಇದು ಮುರೀಲಿಲ್ಲಂದ್ರ ಸ್ಕ್ರೂ ಮುರೀತದ, ಅದರ ಖರ್ಚು ಭಾಳ" ಎಂದರು. ಚೀಲದಿಂದ ಹೊಸ ಪಿನ್ ತೆಗೆದರು. ಉದ್ಯಮಬಾಗದಲ್ಲಿ ಅವರದೇ ಒಂದು ಸಣ್ಣ ಮಷಿನ್ ಶಾಪ್ ಇದೆ, ಲೇಥ್ ಮೇಲೆ ಒಂದಿಪ್ಪತ್ತು ಪಿನ್ ಮಾಡಿ ಇಟ್ಟಿರುತ್ತಾರಂತೆ. ಹಳೇ ಗ್ರೀಸ್ ಕಪ್ಪಾಗಿ ಗಟ್ಟಿಯಾಗಿತ್ತು. ಅದನ್ನು ಬಟ್ಟೆಯಿಂದ ಒರೆಸಿ ಹೊಸದು ಹಚ್ಚಿದರು. ಎದ್ದು ಕೂತು "ಈಗ ನೀವು ತಿರುಗಸ್ರಿ" ಎಂದರು. ಎರಡು ಬೆರಳಲ್ಲಿ ತಿರುಗಿತು. ಮೊದಲು ಎರಡೂ ಕೈ ಬೇಕಾಗಿತ್ತು.

ದುಡ್ಡು ಎಷ್ಟು ಅಂತ ಕೇಳಿದೆ. ಚಹಾ ಮಾತ್ರ ಕುಡಿದರು. ಕಿಸೆಯಿಂದ ಚಿಕ್ಕ ಡೈರಿ ತೆಗೆದು "ನಂ. 7, ಪಿನ್, ಗ್ರೀಸ್" ಎಂದು ತಾರೀಖು ಹಾಕಿ ಬರೆದುಕೊಂಡರು. ಏಳನೇ ನಂಬರಿಗೆ ಅದು ಎರಡನೇ ಪಿನ್ ಅಂತೆ. ನಮ್ಮದು ಅದು ಹೋಗಿ ಬಂದ ಮೂವತ್ತೊಂದನೇ ಮನೆ. ಆಮೇಲೆ ಖೋಲಿಯ ರಿಜಿಸ್ಟರ್‌ನಲ್ಲಿ ಅದರ ಪುಟ ನೋಡಿದೆ. ಹೆಸರುಗಳ ಮೇಲೆ ಕಾಗದ ಮುಚ್ಚಿ ಊರುಗಳನ್ನಷ್ಟೇ ಮಾಮಾ ತೋರಿಸಿದರು. ಕಡೋಲಿ, ಯಳ್ಳೂರು, ಸುಳೇಭಾವಿ, ಖಾನಾಪುರ, ಹುದಲಿ, ಮತ್ತೆ ಕಡೋಲಿ.

ಇಂಥ ಕೆಲಸ ಮಾಡುವವರು ಕಡಿಮೆ. ಹೊಸ ಕಾಟ್ ಕೊಡಿಸುವವರು ಸಿಗುತ್ತಾರೆ, ಅದಕ್ಕೆ ಹೆಸರು ಬರುತ್ತದೆ. ಪಿನ್ನಿಗೆ ಯಾರ ಹೆಸರೂ ಬರೆಯಲಾಗುವುದಿಲ್ಲ. ಲಯನ್ಸ್ ಕ್ಲಬ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪ್ರತಿ ಜುಲೈಗೆ ಪದಗ್ರಹಣ, ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ. ಯಾರೇ ಬಂದರೂ ತಮ್ಮ ವರ್ಷದಲ್ಲಿ ಏನಾದರೂ ಹೊಸದು ಮಾಡಬೇಕು ಅಂತ ಆಸೆ ಇರುತ್ತದೆ, ಅದು ತಪ್ಪಲ್ಲ. ಆದರೆ ಹಿಂದಿನ ವರ್ಷದ ಸಾಮಾನು ಅನಾಥ ಆಗುತ್ತದೆ. ಈ ಕ್ಲಬ್‌ನವರು ಅದಕ್ಕೊಂದು ದಾರಿ ಮಾಡಿದ್ದಾರೆ. ಅಧ್ಯಕ್ಷರು ಬದಲಾಗುತ್ತಾರೆ, ಸಾಮಾನು ಖೋಲಿಯ ಕೀಲಿ ಮಾತ್ರ ಮಾಮಾ ಮತ್ತು ಕಾಕಾ ಹತ್ತಿರವೇ ಇರುತ್ತದೆ. ಈಗ ಇಬ್ಬರು ಹುಡುಗರಿಗೆ ಕೆಲಸ ಕಲಿಸುತ್ತಿದ್ದಾರೆ. ಭಾನುವಾರ ಬಾಗಿಲು ಹಾಕಿರುತ್ತದೆ ಅಂದೆನಲ್ಲ, ಅವತ್ತು ಒಳಗೆ ರಿಪೇರಿ ನಡೆಯುತ್ತಿರುತ್ತದೆ.

ಖೋಲಿಯ ಗೋಡೆ ಮೇಲೆ ಹೂವಿನ ಹಾರ ಇಲ್ಲದ ಒಂದೇ ಫೋಟೋ ಇದೆ. ಪರದೇಶದ ಹೆಣ್ಣುಮಗಳು. ಯಾರು ಅಂತ ಕೇಳಿದೆ. ಹೆಲೆನ್ ಕೆಲರ್ ಎಂದರು ಮಾಮಾ. ಒಂದೂವರೆ ವರ್ಷದ ಕೂಸಿದ್ದಾಗ ಕಾಯಿಲೆಯಿಂದ ಕಣ್ಣು, ಕಿವಿ ಎರಡೂ ಹೋದವು. 1925ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಸಮ್ಮೇಳನಕ್ಕೆ ಬಂದು, ಕುರುಡರ ಪರವಾಗಿ ನೀವು ಹೋರಾಡುವ ವೀರರಾಗಿ ಎಂದು ಕೇಳಿಕೊಂಡರಂತೆ. ಲಯನ್ಸ್‌ನವರು ಎಲ್ಲಾ ಕಡೆ ಕಣ್ಣಿನ ಶಿಬಿರ ಮಾಡುವುದು ಆ ಮಾತಿಗಾಗಿ. ಸಂಸ್ಥೆ ಶುರುವಾದದ್ದು 1917ರಲ್ಲಿ, ಶಿಕಾಗೋದಲ್ಲಿ, ಮೆಲ್ವಿನ್ ಜೋನ್ಸ್ ಎಂಬ ಇನ್ಶೂರೆನ್ಸ್ ವ್ಯಾಪಾರಿಯಿಂದ. ನಮ್ಮ ದೇಶಕ್ಕೆ ಬಂದದ್ದು 1956ರಲ್ಲಿ, ಮುಂಬೈಗೆ.

ಮಾರ್ಚ್‌ನಲ್ಲಿ ಅತ್ತೆ ವಾಕರ್ ಹಿಡಿದು ಅಂಗಳದ ತುಳಸಿಕಟ್ಟೆಯವರೆಗೆ ನಡೆದರು. ಕಾಟ್ ವಾಪಸ್ ಕೊಡಲು ಹೋದೆವು. ಮಾಮಾ ಎಲ್ಲಾ ತಿರುಗಿಸಿ ನೋಡಿ 4,500 ಎಣಿಸಿ ಕೈಗೆ ಕೊಟ್ಟರು. "ಇರಲಿ ಮಾಮಾ, ಡಿಪಾಸಿಟ್ ನೀವೇ ಇಟ್ಕೊಳ್ರಿ" ಎಂದೆ. ಒಪ್ಪಲಿಲ್ಲ. "ಮೊದಲ ನಿಮ್ಮ ರೊಕ್ಕ ನಿಮ್ಮ ಪರ್ಸಿಗೆ ಹಾಕ್ರಿ. ಮನೀಗೆ ಹೋಗ್ರಿ. ಆಮೇಲೆ ಮನಸ್ಸಾದ್ರ ಬ್ಯಾರೆ ದಿನ ಬರ್ರಿ, ರಶೀದಿ ಕೊಡ್ತೀನಿ. ಇಲ್ಲೇ ನಿಂತು ಮಾರಿ ನೋಡಿ ಕೊಟ್ಟದ್ದು ದಾನ ಅಲ್ಲವ್ವಾ." ಈ ಮಾತು ನನ್ನ ಮನಸ್ಸಿಗೆ ಬಹಳ ತಾಗಿತು.

ಲೆಕ್ಕದ ಬಗ್ಗೆಯೂ ಆಗಲೇ ಹೇಳಿದರು. ಲಯನ್ಸ್‌ನಲ್ಲಿ ಎರಡು ಖಾತೆ ಬೇರೆ ಬೇರೆ ಇಡಬೇಕು. ಸದಸ್ಯರ ವರ್ಗಣಿ ಒಂದು ಖಾತೆಗೆ, ಕ್ಲಬ್ ನಡೆಸುವ ಖರ್ಚು ಅದರಿಂದ. ಜನರಿಂದ ಬಂದ ದುಡ್ಡು ಇನ್ನೊಂದು ಖಾತೆಗೆ, ಅದು ಜನರಿಗೇ ವಾಪಸ್ ಹೋಗಬೇಕು. "ನಾವು ಉಂಡ ಊಟದ ಬಿಲ್ಲು ನಿಮ್ಮ ರೊಕ್ಕದಾಗ ಕಟ್ಟಾಂಗಿಲ್ಲ" ಎಂದರು.

ನಾನು ದುಡ್ಡು ಕೊಡಲಿಲ್ಲ. ಬೇರೆ ಒಂದು ನನ್ನ ಕಣ್ಣಿಗೆ ಬಿದ್ದಿತ್ತು. ಏಳನೇ ನಂಬರ್ ಕಾಟ್‌ನ ಗಾದಿಯ ರೆಕ್ಸಿನ್ ಕವರ್ ಮೂಲೆಯಲ್ಲಿ ಹರಿದಿತ್ತು, ಹೊಲಿಗೆಯ ಗುಂಟ. ಯಾರೋ ತೀರಾ ಸಣ್ಣ ಹೊಲಿಗೆ ಹಾಕಿದ್ದರು. ರೆಕ್ಸಿನ್‌ಗೆ ಸಣ್ಣ ಹೊಲಿಗೆ ಹಾಕಿದರೆ ತೂತುಗಳು ಒತ್ತೊತ್ತಾಗಿ ಬಿದ್ದು ಅಂಚೆಚೀಟಿ ಹರಿದಂತೆ ಹರಿಯುತ್ತದೆ. ಉದ್ದ ಹೊಲಿಗೆ ಬೇಕು, 18ನೇ ನಂಬರ್ ಸೂಜಿ ಬೇಕು. ಮೇಲ್ಭಾಗದಲ್ಲಿ ಹೊಲಿಗೆ ಬರಲೇಬಾರದು, ಸೂಜಿ ತೂತಿನಿಂದ ನೀರು ಒಳಗೆ ಇಳಿದು ಗಾದಿ ವಾಸನೆ ಹಿಡಿಯುತ್ತದೆ. ಹನ್ನೊಂದೂ ಗಾದಿಗೆ ನಾನು ಕವರ್ ಹೊಲಿದುಕೊಡುತ್ತೇನೆ ಎಂದೆ. ಬಟ್ಟೆ, ಜಿಪ್ ದುಡ್ಡು ಅವರೇ ಕೊಟ್ಟರು, ಹೊಲಿಗೆ ನನ್ನದು.

ಮೊದಲ ಎರಡು ಕವರ್ ಕೊಟ್ಟ ದಿನ ಅವರ ಮೀಟಿಂಗ್ ಇತ್ತು, ಕರೆದರು. ಗಂಟೆ ಬಾರಿಸಿ ಶುರು ಮಾಡಿದರು. ಟೇಲ್ ಟ್ವಿಸ್ಟರ್ ಅಂತ ಒಬ್ಬರಿರುತ್ತಾರೆ, ಸಣ್ಣ ಸಣ್ಣ ತಪ್ಪಿಗೆ ದಂಡ ಹಾಕುವುದು ಅವರ ಕೆಲಸ. ಅವತ್ತು ಬ್ಯಾಡ್ಜ್ ಮರೆತು ಬಂದ ಅಧ್ಯಕ್ಷರಿಗೇ 50 ರೂಪಾಯಿ ಬಿತ್ತು. ಒಂದು ಮೀಟಿಂಗ್‌ನಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ದಂಡ ಹಾಕುವ ಹಾಗಿಲ್ಲ ಅನ್ನುವ ನಿಯಮವೂ ಇದೆ. ಒಂದು ಟೇಬಲ್‌ನಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಇನ್ನೊಂದು ಮೂಲೆಯಲ್ಲಿ ಕೊಂಕಣಿ. ಪಕ್ಷದ ರಾಜಕೀಯ, ಧರ್ಮದ ವಾದ ಕ್ಲಬ್ ಒಳಗೆ ಮಾಡುವ ಹಾಗಿಲ್ಲ ಅಂತ ಲಯನ್ಸ್‌ನ ಉದ್ದೇಶಗಳಲ್ಲೇ ಬರೆದಿದೆಯಂತೆ. ಗಡಿ ವಿಷಯದಲ್ಲಿ ನಮ್ಮೂರು ಎಷ್ಟು ಬಿಸಿ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಕಾಕಾ ಮನೆಮಾತು ಮರಾಠಿ, ಮಾಮಾದು ಕನ್ನಡ. ಅವರಿಬ್ಬರೂ ಒಂದೇ ಡೈರಿಯಲ್ಲಿ ಬರೆಯುತ್ತಾರೆ.

ಕುಂದು ಇಲ್ಲ ಅಂತಲ್ಲ. ಏರ್ ಬೆಡ್ ಎರಡೇ ಎರಡು, ಇದು ಸಾಲದು. ಮಲಗಿದ ಪೇಷಂಟ್‌ಗೆ ಎಂಟು ದಿನ ಅಂದರೆ ಬಹಳ. ಯಾರಾದರೂ ಓದುವವರು ದಾನ ಕೊಡುವ ಮನಸ್ಸು ಮಾಡಿದರೆ ಕಾಟ್ ಬೇಡ, ಏರ್ ಬೆಡ್ ಕೊಡಿ, ಜೊತೆಗೆ ಒಂದು ಜಾಸ್ತಿ ಪಂಪ್ ಕೊಡಿ, ಮೊದಲು ಕೆಡುವುದು ಅದೇ. ಖೋಲಿಗೆ ಹತ್ತಲು ಮೂರು ಮೆಟ್ಟಿಲಿವೆ. ವ್ಹೀಲ್‌ಚೇರ್ ಒಯ್ಯಲು ಬಂದವರು ಅದನ್ನು ಎತ್ತಿಕೊಂಡೇ ಇಳಿಸಬೇಕು. ಇಳಿಜಾರು ಮಾಡಿಸಿ ಎಂದು ಹೇಳಿ ಬಂದಿದ್ದೇನೆ, ಒಪ್ಪಿದ್ದಾರೆ.

ಇನ್ನೊಂದು, ಕಮೋಡ್ ಕುರ್ಚಿ ಹೇಗೆ ಬಳಸಬೇಕು, ರಾತ್ರಿ ಹೇಗೆ ಸ್ವಚ್ಛ ಮಾಡಬೇಕು ಅಂತ ಗಂಡಸರ ಹತ್ತಿರ ಕೇಳಲು ನನಗೇ ಬಾಯಿ ಬರಲಿಲ್ಲ. ನನಗಿಂತ ಹಿರಿಯ ಹೆಂಗಸರು ಏನು ಕೇಳುತ್ತಾರೆ? ಮೀಟಿಂಗ್‌ನಲ್ಲಿ ಇದನ್ನೇ ಹೇಳಿದೆ. ಲಯನ್ಸ್‌ನಲ್ಲಿ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದು 1987ರಲ್ಲಿ, ಸಂಸ್ಥೆ ಹುಟ್ಟಿ 70 ವರ್ಷ ಆದ ಮೇಲೆ. ಈ ಕ್ಲಬ್‌ನಲ್ಲಿ ಈಗ ಒಂಬತ್ತು ಜನ ಇದ್ದಾರೆ. ಅವರಲ್ಲಿ ಒಬ್ಬ ರಿಟೈರ್ಡ್ ನರ್ಸ್ ಬಾಯಿ ಎದ್ದು ನಿಂತು, ಶನಿವಾರ ಸಂಜೆ ನಾನು ಕೂಡುತ್ತೇನೆ ಎಂದರು. ಏಪ್ರಿಲ್‌ನಿಂದ ಕೂಡುತ್ತಿದ್ದಾರೆ. ಹೆಂಗಸರು ಪೇಷಂಟ್ ಇದ್ದರೆ ಶನಿವಾರವೇ ಹೋಗಿ.

ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ ನಾಲ್ಕೂವರೆ ಕೊಡುತ್ತೇನೆ. ಇನ್ನರ್ಧ ಇಳಿಜಾರು ಆದ ದಿನ.

ಏಳನೇ ನಂಬರ್ ನಮ್ಮ ಮನೆಯಿಂದ ಹೋಗಿ ನಾಲ್ಕೇ ದಿನಕ್ಕೆ ವಡಗಾವಿಯ ಒಂದು ಮನೆಗೆ ಹೋಯಿತು. ಮೂವತ್ತೆರಡನೇ ಮನೆ. ಅದಕ್ಕೆ ಆಮೇಲೆ ಹಾಕಿದ ನನ್ನ ಮೊದಲ ಕವರ್‌ಗೆ ಜಿಪ್ಪನ್ನು ಉದ್ದದ ಬದಿಗೆ ಇಟ್ಟಿದ್ದೆ. ಮಗ್ಗಲು ಬದಲಿಸುವಾಗ ಪಕ್ಕದ ಕಂಬಿಗೆ ಸಿಗುತ್ತದೆ ಅಂತ ಕಾಕಾ ಫೋನ್ ಮಾಡಿ ಹೇಳಿದರು. ಈಗ ಎಲ್ಲಾ ಕವರ್‌ಗೂ ಜಿಪ್ ಕಾಲಿನ ಕಡೆ ಹಾಕಿ, ಮೇಲೊಂದು ಪಟ್ಟಿ ಮುಚ್ಚಿ ಹೊಲಿಯುತ್ತಿದ್ದೇನೆ. ಎಂಟು ಮುಗಿದಿವೆ. ಮೂರು ಬಾಕಿ. ಗುರುವಾರ ಸಂಜೆ ಒಯ್ದು ಕೊಡಬೇಕು, ಏಳನೇ ನಂಬರಿನ ಜಿಪ್ ಬಿಚ್ಚಿ ಹಾಕುವುದೂ ಇದೆ.